ಹಳೆಯ ಲಾರಿಯ ಉಬ್ಬಸ

ಶಿರಾಡಿ ಘಟ್ಟವನ್ನೇರುವಾಗ ಹೊರೆ ಹೊತ್ತ ಹಳೆಯ ಲಾರಿಯೊಂದರ ಹಿಂದೆ ಸಿಕ್ಕಿಕೊಂಡ ಅನುಭವ ನಮ್ಮ ಶ್ರೋತೃಗಳಲ್ಲಿ ಅನೇಕರಿಗೆ ಇರಬಹುದು. ಮುಂದೆ ಹೋಗಲು ದಾರಿಯಿಲ್ಲ. ಹಿಂದೆಯೇ ತೆವಳಲು ಮನಸ್ಸಿಲ್ಲ. ಲಾರಿಯಾದರೋ ನಡಿಗೆಯ ವೇಗಕ್ಕಿಳಿದು, ತಿರುವು ತಿರುವಿಗೂ ಏದುತ್ತ, ಈಗ ನಿಂತೀತೋ ಆಗ ನಿಂತೀತೋ ಎಂಬಂತೆ ಏರುತ್ತಿರುತ್ತದೆ. ನಾವು ಗಡಿಯಾರವನ್ನು ನೋಡಿಕೊಂಡು ಅದರ ಚಾಲಕನನ್ನು ಮನಸ್ಸಿನಲ್ಲಿಯೇ ಶಪಿಸುತ್ತೇವೆ. ಆದರೆ ಒಳಗೆ ಕುಳಿತವನ ಪಾಡನ್ನು ಯೋಚಿಸುವವರು ಕಡಮೆ. ಎಷ್ಟೋ ವೇಳೆ ಆ ಲಾರಿಗೆ ಅವನೇ ಒಡೆಯ, ಅವನೇ ಚಾಲಕ. ಬಯಲಿನಲ್ಲಿ ಸರಿಯಾಗಿಯೇ ಓಡಿದ ಯಂತ್ರ ಇಲ್ಲಿ ಏಕೆ ಸೋಲುತ್ತಿದೆ ಎಂಬ ಚಿಂತೆ ಅವನನ್ನು ತಿನ್ನುತ್ತಿರುತ್ತದೆ. ಮರುದಿನ ಪೇಟೆಯ ಗ್ಯಾರೇಜಿನಲ್ಲಿ ಮೇಸ್ತ್ರಿಯು ಲಾರಿಯ ಮುಖವನ್ನು ನೋಡಿದೊಡನೆಯೇ 'ಪಂಪು ಹೋಗಿದೆ, ಬಿಚ್ಚಬೇಕು' ಎಂದು ತೀರ್ಪು ಕೊಟ್ಟುಬಿಟ್ಟರೆ, ಅವನ ಒಂದೆರಡು ತಿಂಗಳ ಸಂಪಾದನೆ ಅಲ್ಲಿಗೆ ಮುಗಿಯಿತು. ಈ ತೀರ್ಪು ಬಹುಮಟ್ಟಿಗೆ ಅವಸರದ್ದು. ಪಂಪು ಕಟ್ಟಕಡೆಗೆ ಮುಟ್ಟತಕ್ಕ ಭಾಗವೇ ಹೊರತು ಮೊದಲು ಮುಟ್ಟತಕ್ಕದ್ದಲ್ಲ. ಹೀಗೇಕೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಇಂದಿನ ಹೊಸ ಲಾರಿಗಳಲ್ಲಿ ಎಣ್ಣೆಯ ಅಳತೆಯನ್ನು ಗಣಕಯಂತ್ರವೇ ನೋಡಿಕೊಳ್ಳುತ್ತದೆ. ದೋಷವುಂಟಾದರೆ ಅದನ್ನೂ ಸಂಕೇತಗಳ ಮೂಲಕ ತಾನೇ ತಿಳಿಸುತ್ತದೆ. ನಾವು ಮಾತನಾಡಹೊರಟಿರುವುದು ಅದಕ್ಕೆ ಹಿಂದಿನ ಸಂತತಿಯನ್ನು ಕುರಿತು. ಟಾಟಾ ಸಂಸ್ಥೆಯವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯೊಡನೆ ಕೂಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ಕಟ್ಟತೊಡಗಿದರು. 1969ರಲ್ಲಿ ಆ ಒಡಂಬಡಿಕೆ ಮುಗಿದ ಮೇಲೂ ಅದೇ ಅಚ್ಚಿನ ಆರು ಸಿಲಿಂಡರಿನ ಲಾರಿಗಳು ಬಹುಕಾಲ ನಮ್ಮ ರಸ್ತೆಗಳನ್ನು ಆಳಿದುವು. ಮದರಾಸಿನ ಬಳಿಯ ಎಣ್ಣೂರಿನಿಂದ ಬಂದ ಅಶೋಕ್ ಲೇಲೆಂಡ್ ಗಾಡಿಗಳೂ ಈ ಸಂತತಿಗೇ ಸೇರಿದುವು. ಇವುಗಳಲ್ಲಿ ವಿದ್ಯುತ್ತಿಗೆ ಯಂತ್ರವನ್ನು ಎಬ್ಬಿಸುವುದು, ದೀಪ ಹಚ್ಚುವುದು ಮುಂತಾದ ಕೆಲಸಗಳ ಹೊರತು ಬೇರೆ ಅಧಿಕಾರವಿಲ್ಲ. ಎಲ್ಲವೂ ಎಣ್ಣೆ, ಗಾಳಿ ಮತ್ತು ಒತ್ತಡಗಳ ವ್ಯವಹಾರ. ಆದುದರಿಂದ ಕಣ್ಣು, ಕಿವಿ, ಎರಡು ಮೂರು ಸ್ಪ್ಯಾನರು ಇವಿಷ್ಟರಿಂದಲೇ ದೋಷವನ್ನು ಹುಡುಕಬಹುದು.

ಪೆಟ್ರೋಲಿನ ಯಂತ್ರದಲ್ಲಿ ಕಿಡಿಯೊಂದು ಹಾರಿ ಬೆಂಕಿ ಹೊತ್ತಿಕೊಳ್ಳುತ್ತದೆ. ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಕ್ಕೆ ಬಂದ ಬರಿಯ ಗಾಳಿಯನ್ನು ಅದರ ಗಾತ್ರದ ಹದಿನಾರನೆಯ ಅಥವಾ ಇಪ್ಪತ್ತನೆಯ ಒಂದು ಪಾಲಿಗೆ ಹಿಸುಕಿದಾಗ ಅದು ತಾನಾಗಿಯೇ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮಕ್ಕಳೂ ಬಲ್ಲರು. ಹಾಗೆ ಕೆಂಡದಂತೆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಮಂಜಿನಂತೆ ಚಿಮುಕಿಸಿದರೆ ಅದು ಕೂಡಲೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ಲನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಈ ತತ್ತ್ವದ ಯಂತ್ರವನ್ನು ಓಡಿಸಿ ತೋರಿಸಿದನು. ಆದರೆ ಎಣ್ಣೆಯನ್ನು ಒಳಕ್ಕೆ ನೂಕಲು ಆತನು ಅತಿ ಒತ್ತಡದ ಗಾಳಿಯನ್ನು ಬಳಸಬೇಕಾಗಿತ್ತು; ಆ ಗಾಳಿಯನ್ನು ಒದಗಿಸುವ ಸಾಧನದ ಭಾರದಿಂದ ಯಂತ್ರವು ಕಾರ್ಖಾನೆ ಹಡಗುಗಳಲ್ಲಿಯೇ ಉಳಿಯಿತು. ಎಣ್ಣೆಯನ್ನು ನೇರವಾಗಿ ಒತ್ತುವ ಪಂಪು ಬಂದ ಮೇಲೆಯೇ 1923-24ರಲ್ಲಿ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ರಸ್ತೆಗಿಳಿದುವು. 1927ರಲ್ಲಿ ಬಾಷ್ ಕಂಪೆನಿಯು ಇಂತಹ ಪಂಪುಗಳನ್ನು ಒಂದೇ ಅಚ್ಚಿನಲ್ಲಿ ರಾಶಿರಾಶಿಯಾಗಿ ತಯಾರಿಸಲಾರಂಭಿಸಿತು. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯ ಮೂಲಕ ಆ ವಿದ್ಯೆ ಬೆಂಗಳೂರಿನ ಆಡುಗೋಡಿಗೂ ಬಂದಿತು. ಮೈಕೋ ಎಂಬ ಅದರ ಗಿಡ್ಡ ಹೆಸರು ಬಡಾವಣೆಯೊಂದಕ್ಕೂ ಅಂಟಿಕೊಂಡಿರುವುದರಿಂದ, ಲಾರಿಯ ಗೊಡವೆಯೇ ಇಲ್ಲದವರ ಬಾಯಲ್ಲೂ ಆ ಹೆಸರು ಇದೆ.

ಈ ಪಂಪಿನ ಕೆಲಸ ಎಷ್ಟು ನಯವಾದುದೆಂಬುದಕ್ಕೆ ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಲಾರಿಯೊಂದು ಗಂಟೆಗೆ 10 ಲೀಟರು ಡೀಸೆಲನ್ನು ಉರಿಸುತ್ತಿದೆ ಎನ್ನಿ. ಯಂತ್ರವು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಪ್ರತಿ ಸಿಲಿಂಡರಿಗೂ 1,000 ಸಲ ಎಣ್ಣೆ ಬೀಳಬೇಕು. ಆರು ಸಿಲಿಂಡರಿಗೆ 6,000 ಸಲ. ಗಂಟೆಗೆ 3,60,000 ಸಲ. ಹತ್ತು ಲೀಟರನ್ನು ಇಷ್ಟು ಪಾಲು ಮಾಡಿದರೆ ಒಂದೊಂದು ಪಾಲೂ ಹೆಚ್ಚುಕಡಮೆ ನೀರಿನ ಅರ್ಧ ಹನಿಯಷ್ಟಾಗುತ್ತದೆ. ಈ ಅರ್ಧ ಹನಿಯನ್ನು ಆರು ಸಿಲಿಂಡರುಗಳಿಗೂ ಸಮನಾಗಿ ಅಳೆದು, ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಇನ್ನೂರು ಪಾಲು ಹೆಚ್ಚಿನ ಒತ್ತಡದಲ್ಲಿ, ತಕ್ಕ ಕ್ಷಣದಲ್ಲಿ ನಾಜಲ್ಲಿಗೆ ಮುಟ್ಟಿಸಬೇಕು. ಇದಕ್ಕಾಗಿ ಪಂಪಿನೊಳಗಿನ ದಂಡಕ್ಕೂ ಅದರ ಕೊಳವೆಗೂ ನಡುವೆ ಬಿಟ್ಟಿರುವ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಒಂದು ದಂಡವನ್ನು ಒಂದು ಕೊಳವೆಗೆಂದೇ ತೇದು ಜೋಡಿಮಾಡಿರುತ್ತಾರೆ. ಇನ್ನೊಂದಕ್ಕೆ ಅದು ಹೊಂದದು. ಕೊನೆಗೆ ಪರೀಕ್ಷಾಯಂತ್ರದ ಮೇಲೆ ಅಳತೆಯನ್ನು ಗೊತ್ತುಮಾಡಿ ಮುದ್ರೆ ಒತ್ತುತ್ತಾರೆ. ಇಂತಹ ವಸ್ತುವನ್ನು ಧೂಳು ತುಂಬಿದ ಬೀದಿಬದಿಯಲ್ಲಿ ಬಿಚ್ಚುವುದೆಂದರೆ, ತಲೆನೋವೆಂದವನ ತಲೆಯನ್ನು ಸಂತೆಯಲ್ಲಿ ಸೀಳಿದಂತೆಯೇ ಸರಿ.

ಹಾಗಾದರೆ ವಿಚಾರಣೆಯನ್ನು ಎಲ್ಲಿಂದ ಆರಂಭಿಸಬೇಕು? ವೈದ್ಯನು ನಾಡಿಯನ್ನು ಹಿಡಿಯುವ ಮುನ್ನ ರೋಗಿಯನ್ನು ಮಾತನಾಡಿಸುವಂತೆ, ಮೊದಲು ಚಾಲಕನನ್ನು ಮಾತನಾಡಿಸಬೇಕು. ದೋಷ ಒಂದೇ ದಿನದಲ್ಲಿ ಬಂದಿತೋ, ದಿನದಿಂದ ದಿನಕ್ಕೆ ಬೆಳೆಯಿತೋ? ಬೆಳಗಿನ ಚಳಿಯಲ್ಲಿಯೋ, ಯಂತ್ರ ಕಾದ ಮೇಲೆಯೋ? ಹಿಂದಿನ ದಿನ ಎಲ್ಲಿ ಎಣ್ಣೆ ತುಂಬಿಸಲಾಯಿತು? ಇತ್ತೀಚೆಗೆ ಯಾರಾದರೂ ಯಾವ ಭಾಗವನ್ನಾದರೂ ಬಿಚ್ಚಿದ್ದರೇ? ಈ ಪ್ರಶ್ನೆಗಳಿಗೆ ಕಾಸು ಖರ್ಚಿಲ್ಲ. ಆದುದರಿಂದಲೋ ಏನೋ, ಇವನ್ನು ಕೇಳುವವರೂ ವಿರಳ.

ಅನಂತರ ಲಾರಿಯನ್ನು ಹೊರೆಯೊಡನೆ ಏರಿನಲ್ಲಿ ಓಡಿಸಿ ಹೊಗೆಯನ್ನು ನೋಡಬೇಕು. ನಮ್ಮ ಅಭಿಪ್ರಾಯದಲ್ಲಿ ಇಡೀ ವಿಚಾರಣೆ ಕವಲೊಡೆಯುವುದು ಇಲ್ಲಿಯೇ. ಶಕ್ತಿ ಕುಂದಿದ ಲಾರಿ ಕರಿಯ ಹೊಗೆಯನ್ನು ಉಗುಳುತ್ತಿದ್ದರೆ, ಎಣ್ಣೆ ಬಂದು ತಲಪುತ್ತಿದೆ, ಆದರೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ ಎಣ್ಣೆಯೇ ಸಾಲದಾಗಿದೆ. ಒಂದು ಅಜೀರ್ಣ, ಇನ್ನೊಂದು ಉಪವಾಸ. ಎರಡಕ್ಕೂ ಒಂದೇ ಮದ್ದನ್ನು ಕೊಡುವ ಮೇಸ್ತ್ರಿಯಿಂದ ದೂರವಿರುವುದು ಲೇಸು. ನೀಲಿ ಹೊಗೆಯು ಸಾಮಾನ್ಯವಾಗಿ ಯಂತ್ರದ ಜಿಡ್ಡೆಣ್ಣೆ ಉರಿಯುತ್ತಿರುವುದರ ಗುರುತು. ಬಿಳಿಯ ಹೊಗೆಯಾದರೆ ಡೀಸೆಲು ಹೊತ್ತದೆ ಹಸಿಯಾಗಿಯೇ ಹೊರಬೀಳುತ್ತಿರಬಹುದು. ಇವು ಬೇರೆ ಪ್ರಕರಣಗಳು.

ಯಂತ್ರದ ಮೇಲೆ ಸುಳ್ಳು ದೂರುಗಳೂ ಬರುವುದುಂಟು. ಬ್ರೇಕು ಪೂರ್ತಿ ಬಿಡದೆ ಚಕ್ರವನ್ನು ಹಿಡಿದುಕೊಂಡಿದ್ದರೆ ಯಂತ್ರವೇನು ಮಾಡೀತು? ಸ್ವಲ್ಪ ದೂರ ಬ್ರೇಕು ಒತ್ತದೆ ಓಡಿಸಿ ನಿಲ್ಲಿಸಿ, ಚಕ್ರದ ನಡುವಣ ಡ್ರಮ್ಮಿನ ಬಳಿ ಅಂಗೈಯನ್ನು ಹಿಡಿದರೆ ಅಪರಾಧಿ ಯಾರೆಂಬುದು ಬಿಸಿಯಿಂದಲೇ ತಿಳಿಯುತ್ತದೆ. ಕ್ಲಚ್ಚು ಜಾರುತ್ತಿದ್ದರೆ ಯಂತ್ರ ಗರ್ಜಿಸುತ್ತದೆ, ಲಾರಿ ಮಾತ್ರ ಮುಂದುವರಿಯದು. ಇನ್ನು ಕಾಲಿನಡಿಯ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದರೂ ಅದರ ಸರಳು ಬಾಗಿದ್ದರೆ ಪಂಪಿನ ಸನ್ನೆ ಅರ್ಧಕ್ಕೇ ನಿಲ್ಲುತ್ತದೆ. ಪೆಡಲಿನ ಕೆಳಗೆ ಚಾಪೆ ಸಿಕ್ಕಿಕೊಂಡಿದ್ದರೂ ಇದೇ ಫಲ.

ಈಗ ಉಪವಾಸದ ಲಾರಿಗೆ ಬರೋಣ. ಎಣ್ಣೆಯು ಟ್ಯಾಂಕಿನಿಂದ ಹೊರಟು, ಉದ್ದವಾದ ಕೊಳವೆಯಲ್ಲಿ ಹರಿದು, ಫೀಡ್ ಪಂಪಿನ ಜಾಲರಿಯನ್ನು ಹೊಕ್ಕು, ಅಲ್ಲಿಂದ ಸಣ್ಣ ಒತ್ತಡದಲ್ಲಿ ಫಿಲ್ಟರುಗಳನ್ನು ದಾಟಿ, ಕಡೆಗೆ ದೊಡ್ಡ ಪಂಪನ್ನು ಸೇರುತ್ತದೆ. ಇದೇ ದಾರಿಯಲ್ಲಿ ಇದೇ ಕ್ರಮದಲ್ಲಿ ನಾವೂ ನಡೆಯಬೇಕು. ಮೊದಲನೆಯದು ಟ್ಯಾಂಕಿನ ಮುಚ್ಚಳ. ಎಣ್ಣೆ ಹೊರಹೋದಷ್ಟೂ ಗಾಳಿ ಒಳಬರಲು ಅದರಲ್ಲೊಂದು ಸಣ್ಣ ರಂಧ್ರವಿರುತ್ತದೆ. ಅದು ಕೆಸರಿನಿಂದ ಮುಚ್ಚಿದರೆ ಟ್ಯಾಂಕಿನೊಳಗೆ ಗಾಳಿ ವಿರಳವಾಗಿ, ಫೀಡ್ ಪಂಪು ಎಷ್ಟು ಎಳೆದರೂ ಎಣ್ಣೆ ಬಾರದು. ಮೈಲಿಗಳು ಕಳೆದ ಮೇಲೆ ಲಾರಿ ಸೊರಗುತ್ತದೆ. ನಿಲ್ಲಿಸಿ ಸ್ವಲ್ಪ ಹೊತ್ತಾದರೆ ತಾನೇ ಚೇತರಿಸಿಕೊಳ್ಳುತ್ತದೆ. ಮುಚ್ಚಳವನ್ನು ತೆಗೆದೊಡನೆ ಉಸ್ಸೆಂಬ ಶಬ್ದ ಬಂದರೆ ರೋಗನಿರ್ಣಯವಾಯಿತು.

ಫಿಲ್ಟರುಗಳು ಕಟ್ಟಿಕೊಂಡಾಗ ಬಯಲಿನಲ್ಲಿ ಏನೂ ತೋರುವುದಿಲ್ಲ. ನಮ್ಮ ಮನೆಯ ನಲ್ಲಿಯಲ್ಲಿ ಎಳೆಯಾಗಿ ಬರುವ ನೀರು ನಿತ್ಯದ ಅಡಿಗೆಗೆ ಸಾಲುತ್ತದೆ. ಮದುವೆಯ ದಿನ ನೂರು ಎಲೆ ಹಾಕಿದಾಗಲೇ ಅದರ ಬಡತನ ಬಯಲಾಗುವುದು. ಘಟ್ಟವು ಲಾರಿಗೆ ಮದುವೆಯ ಮನೆಯಿದ್ದಂತೆ.

ಇವುಗಳಿಗಿಂತ ಕುಟಿಲವಾದ ದೋಷವೊಂದಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆಯಲ್ಲಿ ಎಣ್ಣೆಯನ್ನು ಒತ್ತುವುದಿಲ್ಲ, ಹೀರಲಾಗುತ್ತದೆ. ಆದುದರಿಂದ ಅಲ್ಲಿ ಬಿರುಕಿದ್ದರೆ ಎಣ್ಣೆ ಹೊರಕ್ಕೆ ಸೋರುವುದಕ್ಕೆ ಬದಲು ಗಾಳಿ ಒಳಕ್ಕೆ ನುಗ್ಗುತ್ತದೆ. ಎಳನೀರು ಕುಡಿಯುವ ಕೊಳವೆಯ ಮೇಲ್ಭಾಗ ಸೀಳಿದ್ದರೆ ಒಂದು ತೊಟ್ಟೂ ಚೆಲ್ಲುವುದಿಲ್ಲ. ಬಾಯಿಗೆ ಮಾತ್ರ ಬುರುಬುರು ಗಾಳಿ. ಹೊರಗೆ ಒದ್ದೆಯಿಲ್ಲವೆಂದು ಕೊಳವೆಯನ್ನು ನಿರ್ದೋಷಿಯೆಂದು ಬಿಟ್ಟುಬಿಡುವವರೇ ಹೆಚ್ಚು. ಒಳಬಂದ ಗುಳ್ಳೆ ಪಂಪನ್ನು ಸೇರಿದರೆ ಆಗತಕ್ಕ ಅನರ್ಥವೇನು? ಎಣ್ಣೆಯನ್ನು ಹಿಸುಕಲಾಗದು, ಗಾಳಿಯನ್ನು ಹಿಸುಕಬಹುದು. ಪಂಪಿನ ಹೊಡೆತವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ವ್ಯಯವಾಗಿ, ನಾಜಲ್ಲಿನ ಸೂಜಿ ಮೇಲೇಳುವುದೇ ಇಲ್ಲ. ಇದನ್ನೇ ನಮ್ಮ ಚಾಲಕರು 'ಏರ್ ಹಿಡಿದಿದೆ' ಎನ್ನುವುದು.

ನಾವು ಬಲ್ಲ ಒಂದು ಹಳೆಯ ಲಾರಿಗೆ ಹೀಗೆಯೇ ಆಗಿತ್ತು. ಬೆಳಗ್ಗೆ ಕೈಪಂಪನ್ನು ಐವತ್ತು ಅರವತ್ತು ಸಲ ಒತ್ತಿದ ಹೊರತು ಏಳುತ್ತಿರಲಿಲ್ಲ, ಏರಿನಲ್ಲಿ ಬಲವಿಲ್ಲ, ಹೊಗೆಯೂ ಇಲ್ಲ. ಪಂಪನ್ನು ಎರಡು ಸಲ ಬಿಚ್ಚಿ, ದಂಡಗಳನ್ನು ಬದಲಾಯಿಸಿ, ಮಾಲಿಕನಿಗೆ ಸಾಲವಾದುದೇ ಲಾಭ. ಮೂರನೆಯ ಸಲ ಅದನ್ನು ನೋಡಿದ ಮುದುಕ ಮೇಸ್ತ್ರಿಯೊಬ್ಬನು ಸ್ಪ್ಯಾನರನ್ನು ಕೈಗೆತ್ತಿಕೊಳ್ಳದೆ, ಮಾಲಿಕನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತಿಗೆಳೆದನು. "ಟ್ಯಾಂಕು ತುಂಬಿಸಿದ ದಿನ ಇದಕ್ಕೆ ಏನೂ ರೋಗವಿಲ್ಲ, ಅಣ್ಣಾ. ಅರ್ಧಕ್ಕೆ ಇಳಿಯಿತೋ, ಶುರುವಾಯಿತು ಹಠ. ಮೊದಲಿನಿಂದ ಹೇಳುತ್ತಲೇ ಇದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ" ಎಂದನು ಮಾಲಿಕ.

ಮೇಸ್ತ್ರಿ ಕೂಡಲೆ ಫೀಡ್ ಪಂಪಿನ ಮುಂದೆ ಗೇಣುದ್ದದ ಪಾರದರ್ಶಕ ಕೊಳವೆಯೊಂದನ್ನು ಜೋಡಿಸಿದನು. ಯಂತ್ರ ಓಡುತ್ತಿದ್ದಂತೆ ಅದರಲ್ಲಿ ಗುಳ್ಳೆಗಳ ಸಾಲು ಕಾಣಿಸಿತು. ಆ ಮೇಲೆ ಟ್ಯಾಂಕನ್ನೂ ಅದರ ಕೊಳವೆಯನ್ನೂ ಬಿಟ್ಟು, ಡೀಸೆಲ್ ತುಂಬಿದ ಡಬ್ಬಿಯೊಂದನ್ನು ಭದ್ರವಾಗಿ ಕಟ್ಟಿ, ಬೇರೊಂದು ರಬ್ಬರು ಕೊಳವೆಯಿಂದ ನೇರವಾಗಿ ಫೀಡ್ ಪಂಪಿಗೆ ಎಣ್ಣೆ ಕೊಟ್ಟನು. ಅದೇ ಹೊರೆಯನ್ನು ಹೊತ್ತು ಅದೇ ಏರನ್ನು ಲಾರಿ ಹುಡುಗನಂತೆ ಏರಿತು. ಪಂಪು, ಫಿಲ್ಟರು, ನಾಜಲ್ಲು ಎಲ್ಲವೂ ಒಂದೇ ಪರೀಕ್ಷೆಯಿಂದ ನಿರ್ದೋಷಿಗಳಾದುವು. ಟ್ಯಾಂಕಿನೊಳಕ್ಕೆ ಇಳಿಬಿಟ್ಟಿದ್ದ ಹೀರುಕೊಳವೆಯನ್ನು ಹೊರತೆಗೆದು ನೋಡಿದರೆ, ಅರ್ಧ ಎತ್ತರದಲ್ಲಿ ತುಕ್ಕು ತಿಂದು ಸೂಜಿಮೊನೆಯಷ್ಟು ರಂಧ್ರ! ಎಣ್ಣೆ ಅದಕ್ಕಿಂತ ಮೇಲಿರುವವರೆಗೆ ರಂಧ್ರವೂ ಎಣ್ಣೆಯನ್ನೇ ಹೀರುತ್ತಿತ್ತು. ಕೆಳಗಿಳಿದೊಡನೆ ಗಾಳಿಯನ್ನು ಹೀರುತ್ತಿತ್ತು. ರಾತ್ರಿ ನಿಂತಾಗ ಅದೇ ರಂಧ್ರದ ದೆಸೆಯಿಂದ ಕೊಳವೆಯ ಎಣ್ಣೆಯೆಲ್ಲ ಟ್ಯಾಂಕಿಗೆ ಮರಳುತ್ತಿದ್ದುದರಿಂದ ಬೆಳಗಿನ ತೊಂದರೆ. ಹೊಸ ಕೊಳವೆಯ ಬೆಲೆ ಪಂಪಿಗಾಗಿ ಮಾಡಿದ ಖರ್ಚಿನ ಬಡ್ಡಿಗೂ ಸಮನಾಗಿರಲಿಲ್ಲ.

ಡಬ್ಬಿಯ ಪರೀಕ್ಷೆಯಲ್ಲಿಯೂ ಲಾರಿ ಚೇತರಿಸದಿದ್ದರೆ, ಫಿಲ್ಟರುಗಳೂ ಹೊಸವಾಗಿದ್ದರೆ, ಫೀಡ್ ಪಂಪಿನ ಒತ್ತಡವನ್ನು ಅಳೆದು, ಅದೂ ಸರಿಯಿದ್ದರೆ ಮಾತ್ರ ದೊಡ್ಡ ಪಂಪಿನ ಮೇಲೆ ಸಂದೇಹಪಡುವುದು ನ್ಯಾಯ. ಅದೂ ಸವೆಯುತ್ತದೆ, ಇಲ್ಲವೆನ್ನಲಾಗದು.

ಅಜೀರ್ಣದ ಲಾರಿಯ ವಿಚಾರ ಬೇರೆ. ಒಂದು ಲೀಟರು ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 10,000 ಲೀಟರು ಗಾಳಿ ಬೇಕು. ಎಣ್ಣೆಯ ವಿಚಾರದಲ್ಲಿ ಇಷ್ಟೊಂದು ತಲೆ ಕೆಡಿಸಿಕೊಳ್ಳುವ ನಾವು ಗಾಳಿಯನ್ನು ಮರೆಯುತ್ತೇವೆ. ಗಾಳಿ ಶೋಧಕದ ತಳದಲ್ಲಿ ಎಣ್ಣೆಯ ಬದಲು ಕೆಸರು ಕುಳಿತಿದ್ದರೆ ಕರಿಹೊಗೆಗೆ ಬೇರೆ ಕಾರಣ ಹುಡುಕಬೇಕಾದುದಿಲ್ಲ. ಅದು ಶುಚಿಯಾಗಿದ್ದರೆ ನಾಜಲ್ಲುಗಳನ್ನು ನೋಡಬೇಕು. ಆರರಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ತಿಳಿಯುವ ಉಪಾಯ ಹಳೆಯದು, ಸುಲಭವಾದದ್ದು. ಯಂತ್ರ ನಿಧಾನವಾಗಿ ಓಡುತ್ತಿರುವಾಗ ಒಂದೊಂದು ನಾಜಲ್ಲಿಗೂ ಬರುವ ಕೊಳವೆಯ ನಟ್ಟನ್ನು ಸರದಿಯಂತೆ ಅರ್ಧ ಸುತ್ತು ಸಡಿಲಿಸಿ ಕಿವಿಗೊಡಬೇಕು. ಆರು ಜನ ಹೊತ್ತ ಪಲ್ಲಕ್ಕಿಯಿಂದ ದುಡಿಯುವವನೊಬ್ಬನು ಸರಿದರೆ ಪಲ್ಲಕ್ಕಿ ಓಲಾಡುತ್ತದೆ. ಬರಿದೆ ಕೈಯಾನಿಸಿಕೊಂಡು ನಡೆಯುವವನು ಸರಿದರೆ ಏನೂ ಆಗದು. ಹಾಗೆಯೇ, ಯಾವ ನಟ್ಟನ್ನು ಸಡಿಲಿಸಿದರೂ ಯಂತ್ರದ ದನಿ ಬದಲಾಗುವುದಿಲ್ಲವೋ ಆ ಸಿಲಿಂಡರೇ ಸೋಮಾರಿ. ಅದರ ನಾಜಲ್ಲನ್ನು ನೆರೆಯ ಸಿಲಿಂಡರಿನದರೊಡನೆ ಅದಲುಬದಲು ಮಾಡಿದಾಗ ಸೋಮಾರಿತನವೂ ನೆರೆಮನೆಗೆ ಹೋದರೆ ದೋಷ ನಾಜಲ್ಲಿನದು. ಅಲ್ಲಿಯೇ ಉಳಿದರೆ ವಾಲ್ವು, ಪಿಸ್ಟನ್ನಿನ ಬಳೆ ಮುಂತಾದುವನ್ನು, ಇಲ್ಲವೆ ಪಂಪಿನಲ್ಲಿ ಆ ಸಿಲಿಂಡರಿಗೆ ಸೇರಿದ ದಂಡವನ್ನು ವಿಚಾರಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ನಾಜಲ್ಲಿನಿಂದ ಚಿಮ್ಮುವ ಎಣ್ಣೆಗೆ ಎಂದಿಗೂ ಬೆರಳನ್ನು ಒಡ್ಡಬಾರದು. ಆ ಒತ್ತಡದ ಎಣ್ಣೆ ಚರ್ಮವನ್ನು ಭೇದಿಸಿಕೊಂಡು ಮಾಂಸದೊಳಕ್ಕೆ ಇಳಿಯುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ. ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾತ್ರ ಕೆಲವೇ ಗಂಟೆಗಳಲ್ಲಿ ಬೆರಳು ಸತ್ತುಹೋಗಬಹುದು. ಹೀಗಾದವನು ಅರಸಿನ ಹಚ್ಚಿಕೊಂಡು ಮನೆಯಲ್ಲಿ ಕೂರದೆ ಆ ಕ್ಷಣವೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು, ಎಣ್ಣೆ ಹೊಕ್ಕಿತೆಂಬುದನ್ನು ತಾನಾಗಿಯೇ ಹೇಳಬೇಕು. ಸೋರಿಕೆಯನ್ನು ಹುಡುಕುವುದಕ್ಕೆ ರಟ್ಟಿನ ಚೂರು ಸಾಕು.

ಮತ್ತೊಂದು ದುರಭ್ಯಾಸವಿದೆ. ಬಲ ಸಾಲದೆಂದು ಪಂಪಿನ ಮುದ್ರೆಯನ್ನು ಒಡೆದು, ಎಣ್ಣೆಯ ಮೇರೆಯನ್ನು ಕಟ್ಟಿಡುವ ತಿರುಪನ್ನು ಒಂದಿಷ್ಟು ತಿರುಗಿಸಿಬಿಡುವುದು. ಆ ದಿನ ಲಾರಿ ಜಿಗಿಯುತ್ತದೆ; ಮಾಲಿಕನು ಮೇಸ್ತ್ರಿಯನ್ನು ಹೊಗಳುತ್ತಾನೆ. ಆದರೆ ಗಾಳಿ ಹೆಚ್ಚಲಿಲ್ಲ, ಎಣ್ಣೆ ಮಾತ್ರ ಹೆಚ್ಚಿತು. ಉರಿಯದೆ ಉಳಿದುದು ಮಸಿಯಾಗಿ ದಾರಿಹೋಕರ ಶ್ವಾಸಕೋಶವನ್ನು ಸೇರುತ್ತದೆ. ಯಂತ್ರದ ಒಳಗಿನ ಬಿಸಿ ಏರಿ ಪಿಸ್ಟನ್ನಿನ ನೆತ್ತಿ ಸುಡುತ್ತದೆ. ಮೊದಲಿದ್ದ ನಿಜವಾದ ದೋಷ ಹೊಗೆಯ ಹಿಂದೆ ಅಡಗಿಕೊಳ್ಳುತ್ತದೆ. ಹೀಗೆ ತಿರುಪು ತಿರುಗಿದ ಲಾರಿಯಲ್ಲಿ ಉಪವಾಸ ಯಾವುದು, ಅಜೀರ್ಣ ಯಾವುದು ಎಂಬ ಭೇದವೇ ಅಳಿಸಿಹೋಗಿರುತ್ತದೆ. ಪರೀಕ್ಷಾಯಂತ್ರದ ಮೇಲಿಟ್ಟು ಅಳತೆಯನ್ನು ಹಿಂದಿನಂತೆ ಗೊತ್ತುಮಾಡುವವರೆಗೆ ಅದರ ಯಾವ ಲಕ್ಷಣವನ್ನೂ ನಂಬುವಂತಿಲ್ಲ.

2020ನೆಯ ಇಸವಿಯ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಮಾರಾಟವಾಗುತ್ತಿರುವ ಡೀಸೆಲಿನಲ್ಲಿ ಗಂಧಕದ ಅಂಶವನ್ನು ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿಸಿದ್ದಾರೆ. ಹಿಂದೆ ಅದು 50 ಇದ್ದಿತು. ಈ ಹೊಸ ಎಣ್ಣೆಯಿಂದಲೇ ಹಳೆಯ ಪಂಪುಗಳು ಸಾಯುತ್ತಿವೆ ಎಂಬ ದೂರನ್ನು ಗ್ಯಾರೇಜುಗಳಲ್ಲಿ ಕೇಳುತ್ತೇವೆ. ಗಂಧಕವನ್ನು ತೆಗೆಯುವ ಸಂಸ್ಕಾರದಲ್ಲಿ ಡೀಸೆಲಿನ ಸಹಜವಾದ ಜಿಡ್ಡುಗುಣ ಕಡಮೆಯಾಗುವುದು ನಿಜ. ಈ ಪಂಪಿನ ದಂಡಗಳಿಗೆ ಡೀಸೆಲೇ ಜಿಡ್ಡೆಂಬುದೂ ನಿಜ. ಆದರೆ ಆ ಕೊರತೆಯನ್ನು ತುಂಬುವ ದ್ರವ್ಯವನ್ನು ಶುದ್ಧೀಕರಣಶಾಲೆಯವರೇ ಬೆರಸಿರುತ್ತಾರೆ. ಅಗ್ಗವೆಂದು ಸೀಮೆಎಣ್ಣೆ ಬೆರೆತ ಡೀಸೆಲನ್ನು ಕೊಳ್ಳುವವನ ಪಂಪು ಸವೆದರೆ ಅದರ ದೋಷವನ್ನು ಗಂಧಕದ ಮೇಲೆ ಹೊರಿಸುವುದು ಸರಿಯಲ್ಲ.

ಪಂಪಿಗೆ ಸೀಮೆಎಣ್ಣೆಗಿಂತಲೂ ಶತ್ರುವಾದುದು ನೀರು. ಸಂಜೆ ಅರ್ಧ ಬರಿದಾದ ಟ್ಯಾಂಕಿನಲ್ಲಿ ಉಳಿದ ಜಾಗವನ್ನು ತೇವದ ಗಾಳಿ ತುಂಬಿಕೊಳ್ಳುತ್ತದೆ; ರಾತ್ರಿಯ ತಂಪಿಗೆ ಆ ತೇವ ಒಳಗೋಡೆಯ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಹೆಚ್ಚು. ಆದುದರಿಂದ ಕೈಯಲ್ಲಿ ಹಣವಿದ್ದ ದಿನ ಟ್ಯಾಂಕನ್ನು ಬೆಳಗ್ಗೆ ತುಂಬಿಸುವುದಕ್ಕಿಂತ ಹಿಂದಿನ ಸಂಜೆಯೇ ತುಂಬಿಸಿಡುವುದು ಮೇಲು. ಬೆಳಗ್ಗೆ ಲಾರಿಯನ್ನು ಅಲುಗಿಸುವ ಮುನ್ನ ಟ್ಯಾಂಕಿನ ತಳದ ತಿರುಪನ್ನು ಸಡಿಲಿಸಿ, ಒಂದು ಗಾಜಿನ ಲೋಟದಷ್ಟು ಎಣ್ಣೆಯನ್ನು ಹಿಡಿದು, ಕಾಫಿ ಕುಡಿದು ಬರುವಷ್ಟು ಹೊತ್ತು ಬೊನೆಟ್ಟಿನ ಮೇಲಿಟ್ಟರೆ ನೀರು ತಳಕ್ಕಿಳಿದು ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ಹಾಗೆ ಗೆರೆ ಕಂಡ ದಿನ ತಿರುಪನ್ನು ಮತ್ತೆ ತೆರೆದು, ಬರಿಯ ಡೀಸೆಲ್ ಬರುವವರೆಗೆ ಹರಿಯಬಿಟ್ಟು, ಫಿಲ್ಟರಿನ ತಳದ ನೀರನ್ನೂ ಇಳಿಸಿ, ಕೈಪಂಪಿನಿಂದ ಗಾಳಿಯನ್ನು ಹೊರದೂಡಿದ ಮೇಲೆಯೇ ಯಂತ್ರವನ್ನು ಎಬ್ಬಿಸಬೇಕು.